ಸ್ವಲೀನತೆಗೆ ಮದ್ದು: ಹುಡುಕಾಟ ದಿಕ್ಕು ಬದಲಿಸಿದ ಬಗೆ

ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರ ಪ್ರಕಟಿಸಿ ಸ್ವಲೀನತೆಯನ್ನು, ಅಂದರೆ ಆಟಿಸಂ ಅನ್ನು, ವೈದ್ಯಲೋಕಕ್ಕೆ ಪರಿಚಯಿಸಿದರು. ಇದಕ್ಕೆ ಮದ್ದುಂಟೇ ಎಂಬ ಪ್ರಶ್ನೆ ಅಂದಿನಿಂದಲೂ ಹೆತ್ತವರನ್ನು ಕಾಡುತ್ತಿದೆ.

1961ರಲ್ಲಿ ಒಂದು ಸುಳಿವು ಸಿಕ್ಕಿತು. ಇಂಥ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಹೆಚ್ಚಿರುವುದನ್ನು ಷೇನ್ ಮತ್ತು ಫ್ರೀಡ್‌ಮನ್ ಕಂಡರು. ನರಕೋಶಗಳ ನಡುವೆ ಸಂದೇಶ ಒಯ್ಯುವ ಈ ರಾಸಾಯನಿಕವನ್ನು ತಗ್ಗಿಸಿದರೆ ಗುಣವಾದೀತೇ? ಬೊಜ್ಜು ಇಳಿಸಲು ಕೊಡುತ್ತಿದ್ದ ಫೆನ್‌ಫ್ಲೂರಮೀನ್ ಮಾತ್ರೆ ಅದನ್ನು ತಗ್ಗಿಸುತ್ತಿತ್ತು. 1982ರಲ್ಲಿ ಮೂವರು ಹುಡುಗರಿಗೆ ಅದನ್ನು ಕೊಟ್ಟಾಗ ಸುಧಾರಣೆ ಕಂಡಿತೆಂಬ ವರದಿ ಬಂತು. ಕೇವಲ ಮೂವರು! ಆದರೂ ಆಸೆ ಗರಿಗೆದರಿತು. ಮುಂದೆ ಹುಸಿಮದ್ದಿನೊಡನೆ ಹೋಲಿಸಿ ನೋಡಿದಾಗ ಸೆರೊಟೋನಿನ್ ಇಳಿಯಿತೇ ಹೊರತು ನಡವಳಿಕೆಯಲ್ಲಿ ನೆಚ್ಚಬಹುದಾದ ಲಾಭ ಕಾಣಲಿಲ್ಲ. ಹೃದಯದ ಕವಾಟಗಳಿಗೆ ಹಾನಿ ಮಾಡುತ್ತದೆಂದು ತಿಳಿದು 1997ರಲ್ಲಿ ಈ ಮಾತ್ರೆ ಅಮೆರಿಕದ ಮಾರುಕಟ್ಟೆಯಿಂದಲೇ ಹೊರಬಿತ್ತು. (2020ರಲ್ಲಿ ಅಪರೂಪದ ಒಂದು ಮೂರ್ಛೆರೋಗದ ಮದ್ದಾಗಿ, ಹೃದಯ ತಪಾಸಣೆಯ ಷರತ್ತಿನೊಡನೆ, ಅದು ಮರಳಿದ್ದು ಬೇರೆಯೇ ಕಥೆ.)

ಇಷ್ಟರಲ್ಲಿ ಸಂಶೋಧಕರ ಪ್ರಶ್ನೆ ಬದಲಾಗತೊಡಗಿತ್ತು. ಸ್ವಲೀನತೆಗೇ ಮದ್ದು ಹುಡುಕುವ ಬದಲು ಜೊತೆಗೂಡಿ ಬರುವ ತೊಂದರೆಗಳನ್ನು ಬಿಡಿಬಿಡಿಯಾಗಿ ನೋಡಿದರು. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 101 ಮಕ್ಕಳಿಗೆ ಎಂಟು ವಾರ ರಿಸ್ಪೆರಿಡೋನ್ ಇಲ್ಲವೇ ಹುಸಿಮದ್ದು ಕೊಡಲಾಯಿತು. ರೇಗಾಟ, ತನ್ನನ್ನೇ ಹೊಡೆದುಕೊಳ್ಳುವುದು ಮುಂತಾದವುಗಳನ್ನು ಅಳೆಯುವ ಅಂಕ ಮದ್ದು ಪಡೆದವರಲ್ಲಿ ಶೇ. 57ರಷ್ಟು, ಉಳಿದವರಲ್ಲಿ ಶೇ. 14ರಷ್ಟು ಇಳಿಯಿತು. ಆದರೆ ಮದ್ದು ಪಡೆದವರ ತೂಕ ಅಷ್ಟರಲ್ಲೇ ಸರಾಸರಿ 2.7 ಕಿಲೋ ಏರಿತ್ತು. 2006ರಲ್ಲಿ ಅಮೆರಿಕ ಅನುಮತಿ ನೀಡಿದ್ದು ಈ ರೇಗಾಟಕ್ಕೇ ಹೊರತು ಸ್ವಲೀನತೆಗಲ್ಲ. ಈ ವ್ಯತ್ಯಾಸವನ್ನು ಓದುಗರು ಗಮನಿಸಬೇಕು.

ಹೊರನೋಟವನ್ನು ನಂಬುವಂತೆಯೂ ಇಲ್ಲ. ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವುದು ಗೀಳುರೋಗದಂತೆ ಕಾಣುವುದರಿಂದ ಅದರ ಮದ್ದನ್ನೇ ಕೊಡುವ ರೂಢಿಯಿತ್ತು. 2009ರಲ್ಲಿ 149 ಮಕ್ಕಳಲ್ಲಿ ಸಿಟಾಲೋಪ್ರಾಮ್ ಪರೀಕ್ಷಿಸಿದಾಗ ಸುಧಾರಿಸಿದವರು ಮದ್ದಿನಿಂದ ಶೇ. 33, ಹುಸಿಮದ್ದಿನಿಂದ ಶೇ. 34!

ಇರುವ ತೊಂದರೆಯನ್ನೇ ಕಾಣದಿದ್ದದ್ದೂ ಉಂಟು. ಅಮೆರಿಕದ ಮನೋವೈದ್ಯ ಸಂಘದ 1994ರ ಕೈಪಿಡಿಯ ಪ್ರಕಾರ ಸ್ವಲೀನತೆಯಿರುವ ಮಗುವಿಗೆ ಅತಿ ಚಟುವಟಿಕೆಯ ತೊಂದರೆ, ಅಂದರೆ ಎ.ಡಿ.ಎಚ್.ಡಿ., ಇದೆಯೆಂದು ಬರೆಯುವಂತಿರಲಿಲ್ಲ. ಚಡಪಡಿಕೆಯೆಲ್ಲ ಸ್ವಲೀನತೆಯ ಖಾತೆಗೇ ಹೋಗುತ್ತಿತ್ತು. 2005ರಲ್ಲಿ ಅಂಥ 72 ಮಕ್ಕಳಿಗೆ ಎ.ಡಿ.ಎಚ್.ಡಿ.ಯ ಮದ್ದಾದ ಮೀಥೈಲ್‌ಫೆನಿಡೇಟ್ ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿಗೆ ಅದು ಫಲಿಸಿತು, ಶೇ. 18 ಮಂದಿ ಅಡ್ಡಪರಿಣಾಮಗಳಿಂದಾಗಿ ಬಿಟ್ಟರು. ಎರಡೂ ಹೆಸರುಗಳನ್ನು ಒಂದೇ ಚೀಟಿಯಲ್ಲಿ ಬರೆಯಲು ಕೈಪಿಡಿ ಒಪ್ಪಿದ್ದು 2013ರಲ್ಲಿ.