ಬನಿಯನ್ನಿನ ಬಣ್ಣ, ನೊಯ್ಯಲ್ಲಿನ ಉಪ್ಪು

ಹೊಳೆಯ ಚರಿತ್ರೆ ಅಂದ ಕೂಡಲೆ ನಮ್ಮ ಪಂಡಿತರು ಕಟ್ಟೆ ಕಟ್ಟಿಸಿದ ರಾಜನ ಹೆಸರು ಹೇಳುತ್ತಾರೆ. ಆ ಕಟ್ಟೆಯ ಕೆಳಗೆ ಮೊಣಕಾಲುದ್ದ ಕೆಸರಲ್ಲಿ ನಿಂತು ನಾಟಿ ಹಾಕಿದವಳ ಲೆಕ್ಕ ಯಾರು ಇಟ್ಟರು? ತಮಿಳುನಾಡಿನ ನೊಯ್ಯಲ್ ನದಿಯ ಕತೆ ಈ ಪ್ರಶ್ನೆಯನ್ನೇ ಕೇಳುತ್ತದೆ.

ನೊಯ್ಯಲ್ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ, ನಮ್ಮ ಕೊಡಗಿನಿಂದ ಹರಿದುಹೋಗುವ ಕಾವೇರಿಯನ್ನೇ ಸೇರುತ್ತದೆ. ಅದರ ಹಳೆಯ ಅಣೆ, ಕೆರೆಗಳ ಕೆಳಗೆ ಭತ್ತ, ಅರಿಶಿನ, ತೆಂಗು ಬೆಳೆಯುತ್ತಿದ್ದವು. ಭೂಮಿ ಬಹುಪಾಲು ಗೌಂಡರದ್ದು. ಅದರಲ್ಲಿ ದುಡಿದವರಲ್ಲಿ ಹೆಚ್ಚಿನವರು ಅರುಂಧತಿಯರ್ ದಲಿತರು.

1980ರ ದಶಕದಲ್ಲಿ ತಿರುಪ್ಪೂರಿನ ಬನಿಯನ್ ಬಟ್ಟೆ ಪರದೇಶಕ್ಕೆ ಹೊರಟಿತು. ಹೊಲ ಉಳುತ್ತಿದ್ದ ಗೌಂಡರಲ್ಲೇ ಎಷ್ಟೋ ಮಂದಿ ಕಂಪನಿ ಧಣಿಗಳಾದರು. ಬಣ್ಣ ಹಾಕುವ ಘಟಕಗಳು ನೂರಾರು ಎದ್ದವು. ಹತ್ತಿ ಬಟ್ಟೆಗೆ ಬಣ್ಣ ಹತ್ತಬೇಕಾದರೆ ಒಂದು ಲೀಟರ್ ನೀರಿಗೆ 40ರಿಂದ 100 ಗ್ರಾಂ ಉಪ್ಪು ಬೇಕು. ಬಣ್ಣ ಬಟ್ಟೆಗೆ ಹೋಯಿತು, ಉಪ್ಪು ಹೊಳೆಗೆ ಬಂತು. ಆಮೇಲೆ ಶುದ್ಧೀಕರಣ ಘಟಕಗಳನ್ನೂ ಕಟ್ಟಿದರು. ಅವು ಬಣ್ಣ ತೆಗೆದವೇ ಹೊರತು ಕರಗಿದ ಉಪ್ಪನ್ನು ತೆಗೆಯಲಿಲ್ಲ. ಕಣ್ಣಿಗೆ ನೀರು ತಿಳಿಯಾಗಿ ಕಂಡರೂ ಅದನ್ನು ಕುಡಿದ ಮಣ್ಣು ಬಿರುಸಾಗಿ, ನೀರು ಇಂಗದಂತಾಯಿತು. ಬಾವಿಗಳು ಉಪ್ಪಾದವು.

1992ರಲ್ಲಿ ತೆರೆದ ಒರತ್ತುಪಾಳಯಂ ಅಣೆಕಟ್ಟೆ ಕೆಲವೇ ವರ್ಷಗಳಲ್ಲಿ ಬಣ್ಣದ ಗುಂಡಿಯಾಯಿತು. ನೀರು ಬಿಡಿ ಅಂತ ಕೇಳಬೇಕಾದ ರೈತರು, ಬಿಡಬೇಡಿ ಸ್ವಾಮಿ ಅಂತ ಕೈಮುಗಿಯುವ ಕಾಲ ಬಂತು! ಅಚ್ಚುಕಟ್ಟಿನ ರೈತರು 2003ರಲ್ಲಿ ಮದರಾಸು ಹೈಕೋರ್ಟಿಗೆ ಹೋದರು. ಹೊಳೆಗೆ ಒಂದು ಹನಿಯೂ ಬಿಡಕೂಡದು ಅಂತ ಕೋರ್ಟು 2006ರಲ್ಲಿ ಹೇಳಿತು. ಧಣಿಗಳು ಸುಪ್ರೀಂ ಕೋರ್ಟಿಗೆ ಹೋದರು, 2009ರಲ್ಲಿ ಅಲ್ಲೂ ಗೆಲ್ಲಲಿಲ್ಲ. ಆದರೂ ವಿಷ ನಿಲ್ಲಲಿಲ್ಲ. ಕೊನೆಗೆ 2011ರ ಜನವರಿಯಲ್ಲಿ ಘಟಕಗಳಿಗೆ ಬೀಗ ಬಿತ್ತು.

ಇಷ್ಟು ಕಾಗದದಲ್ಲಿದೆ. ಇನ್ನು ಕಾಗದದಲ್ಲಿಲ್ಲದ್ದನ್ನು ನೋಡೋಣ. ಪರಿಹಾರ ಕೊಟ್ಟಾಗ ಎಕರೆ ಲೆಕ್ಕ ಹಾಕಿದರು. ಎಕರೆಯೇ ಇಲ್ಲದವಳಿಗೆ? ನಾಟಿ ನಿಂತರೆ ಅವಳ ಕೂಲಿಯೂ ನಿಂತಿತು. ಹೊಟ್ಟೆಪಾಡಿಗೆ ಅವಳ ಮಗ ಅದೇ ಬಣ್ಣದ ತೊಟ್ಟಿಯ ಕೆಲಸಕ್ಕೆ ಹೋದರೆ, ಬೀಗ ಬಿದ್ದ ದಿನ ಅವನೂ ಬೀದಿಗೆ ಬಿದ್ದ. ಹೊಳೆ ಕೆಟ್ಟಾಗ ಪೆಟ್ಟು ಇವರಿಗೆ, ಹೊಳೆ ಉಳಿಸುವಾಗಲೂ ಪೆಟ್ಟು ಇವರಿಗೇ. ಧಣಿ ಹಾಗಲ್ಲ, ಅವನಿಗೆ ಒಂದು ಕಾಲಿಡಲು ಹೊಲ, ಇನ್ನೊಂದಿಡಲು ಕಾರ್ಖಾನೆ.

ಹೊಳೆ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಷ್ಟದ ಲೆಕ್ಕ ಪಹಣಿಯಿಂದಲ್ಲ, ಕೂಲಿಯಿಂದ ಶುರುವಾಗಲಿ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮೂರಿನ ಹೊಳೆಯ ಚರಿತ್ರೆ ಬರೆಸುವಾಗ ಮಕ್ಕಳನ್ನು ಮೊದಲು ಕೇರಿಗೆ ಕಳಿಸಿ. ನಾಟಿ ಯಾವ ವರ್ಷ ನಿಂತಿತು ಅಂತ ಅಲ್ಲಿನ ಅಜ್ಜಿಯರಿಗೆ ಗೊತ್ತಿರುತ್ತದೆ.