ಕಾನ್‌ಬಾನ್ ಹಲಗೆ

ಒಂದು ತಂಡದ ಕೈಯಲ್ಲಿರುವ ಕೆಲಸಗಳನ್ನು ಚೀಟಿಗಳಲ್ಲಿ ಬರೆದು, ಯಾವುದು ಯಾವ ಹಂತದಲ್ಲಿದೆ ಎಂದು ಎಲ್ಲರಿಗೂ ಕಾಣುವಂತೆ ಕಾಲಂಗಳಲ್ಲಿ ಜೋಡಿಸುವ ಬೋರ್ಡು. ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು ಎಂಬ ಮೂರು ಕಾಲಂಗಳು ಸಾಮಾನ್ಯ. ಸಾಫ್ಟ್‌ವೇರ್ ಕಚೇರಿಗಳ ಮೂಲಕ ಇದು ಹೆಚ್ಚು ಪರಿಚಿತವಾಗಿದ್ದರೂ ಹುಟ್ಟಿದ್ದು ಕಾರ್ಖಾನೆಯಲ್ಲಿ.

ಜಪಾನಿನ ಟೊಯೊಟಾ ಕಂಪನಿಯ ತೈಚಿ ಓನೊ ಇದರ ಮೂಲಪುರುಷ. ಅಮೆರಿಕದ ಸೂಪರ್ ಮಾರ್ಕೆಟ್‌ಗಳಲ್ಲಿ ಗಿರಾಕಿ ಕೊಂಡೊಯ್ದಷ್ಟನ್ನೇ ಮತ್ತೆ ತುಂಬಿಡುವ ಕ್ರಮ ಅವರಿಗೆ ಹಿಡಿಸಿತು. 1953ರಲ್ಲಿ ಅದನ್ನು ಯಂತ್ರ ವಿಭಾಗದಲ್ಲಿ ಜಾರಿಗೆ ತಂದರು. ಬಿಡಿಭಾಗಗಳ ಪ್ರತಿ ಪೆಟ್ಟಿಗೆಗೂ ಒಂದು ಚೀಟಿ: ಭಾಗದ ಸಂಖ್ಯೆ, ಎಷ್ಟು, ಎಲ್ಲಿಂದ ಎಲ್ಲಿಗೆ. ಪೆಟ್ಟಿಗೆ ಬಳಕೆಗೆ ಬಂದೊಡನೆ ಚೀಟಿ ಹಿಂದಿನ ವಿಭಾಗಕ್ಕೆ ಮರಳುತ್ತದೆ. ಚೀಟಿ ಬಾರದೆ ಅಲ್ಲಿ ಯಾರೂ ಹೊಸದನ್ನು ತಯಾರಿಸುವಂತಿಲ್ಲ. ಹೀಗೆ ಚೀಟಿಗಳ ಸಂಖ್ಯೆಯೇ ದಾಸ್ತಾನಿನ ಮಿತಿಯಾಯಿತು. ಸುಮಾರು 1962–63ರ ಹೊತ್ತಿಗೆ ಇಡೀ ಕಂಪನಿ ಇದನ್ನು ಅಳವಡಿಸಿಕೊಂಡಿತು.

ಭಾರತದಲ್ಲಿ ಜಪಾನಿ ಉತ್ಪಾದನಾ ಶಿಸ್ತು ಗಟ್ಟಿಯಾಗಿ ಬೇರೂರಿದ ಊರುಗಳಲ್ಲಿ ತಮಿಳುನಾಡಿನ ಹೊಸೂರು ಒಂದು. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಈ ಗಡಿನಾಡಿನ ಮೂಕಂಡಪಲ್ಲಿ ಸುತ್ತಮುತ್ತ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆಯಿತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಹೊರಬಂತು. ಅಶೋಕ್ ಲೇಲ್ಯಾಂಡ್ ಘಟಕವೂ ಆಗಲೇ ಆರಂಭವಾಯಿತು. ಮುಂದೆ ಟೈಟನ್ ಗಡಿಯಾರಗಳೂ ಇಲ್ಲೇ ತಯಾರಾದವು. ಗುಣಮಟ್ಟಕ್ಕಾಗಿ ಜಪಾನ್ ಕೊಡುವ ಡೆಮಿಂಗ್ ಪ್ರಶಸ್ತಿ 2002ರಲ್ಲಿ ಟಿವಿಎಸ್ ಮೋಟಾರ್‌ಗೆ, 2017ರಲ್ಲಿ ಅಶೋಕ್ ಲೇಲ್ಯಾಂಡ್‌ನ ಹೊಸೂರು ಎರಡನೇ ಘಟಕಕ್ಕೆ ಸಂದಿತು. ಪ್ರಶಸ್ತಿ ಬೋರ್ಡಿಗಾಗಿ ಬಂದದ್ದಲ್ಲ, ಒಟ್ಟು ಗುಣಮಟ್ಟ ನಿರ್ವಹಣೆಗೆ. ಆದರೆ ಗೋಡೆಯ ಬೋರ್ಡು ಆ ಶಿಸ್ತಿನ ದಿನನಿತ್ಯದ ಸಾಧನ. ಶಿಫ್ಟ್ ಬದಲಾಗುವಾಗ ಸೂಪರ್‌ವೈಸರ್ ಮತ್ತು ಕೆಲಸಗಾರರು ಅದರ ಮುಂದೆ ನಿಂತು ಗುರಿ ಎಷ್ಟು, ಆದದ್ದೆಷ್ಟು, ರಿಜೆಕ್ಟ್ ಎಷ್ಟು, ಲೈನ್ ನಿಂತದ್ದು ಏಕೆ ಎಂದು ನೋಡುತ್ತಾರೆ. ಕೆಂಪು, ಹಸಿರು ಬಣ್ಣ ಮತ್ತು ಅಂಕಿಗಳನ್ನು ಓದಲು ಯಾವ ಭಾಷೆಯೂ ಅಡ್ಡಿಯಲ್ಲ. ಮೂರು ಭಾಷೆಯ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಕರ್ನಾಟಕದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದಾಗ ಮೂಲ ಪದ್ಧತಿಯೇ ನೇರವಾಗಿ ಬಂತು.

ಸಾಫ್ಟ್‌ವೇರ್‌ಗೆ ಇದು ದಾಟಿದ ಕಥೆಯಲ್ಲೂ ಭಾರತಕ್ಕೆ ಪಾಲಿದೆ. ಮೈಕ್ರೋಸಾಫ್ಟ್‌ನ ಒಳಬಳಕೆಯ ತಂತ್ರಾಂಶಗಳನ್ನು ದುರಸ್ತಿ ಮಾಡುತ್ತಿದ್ದ ಹೈದರಾಬಾದ್ ತಂಡವೊಂದು 2004ರಲ್ಲಿ ಬಾಕಿ ಕೆಲಸದಲ್ಲಿ ಮುಳುಗಿತ್ತು. ಸಮಯದ ಮೂರನೇ ಒಂದು ಭಾಗದಷ್ಟು ಬರೀ ಅಂದಾಜು ಹಾಕುವುದರಲ್ಲೇ ಹೋಗುತ್ತಿತ್ತು. ಆಗ ಮೈಕ್ರೋಸಾಫ್ಟ್‌ನಲ್ಲಿದ್ದ ಡೇವಿಡ್ ಆಂಡರ್ಸನ್ ಅವರ ಸಲಹೆಯಂತೆ ಅಂದಾಜು ನಿಲ್ಲಿಸಿ, ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಲಾಯಿತು. ಸುಮಾರು ಐದು ತಿಂಗಳು ಹಿಡಿಯುತ್ತಿದ್ದ ಕೋರಿಕೆ ಎರಡು ವಾರದ ಆಸುಪಾಸಿನಲ್ಲಿ ಮುಗಿಯತೊಡಗಿತು. ಗಮನಿಸಬೇಕಾದದ್ದೆಂದರೆ, ಅಲ್ಲಿ ಗೋಡೆಯ ಬೋರ್ಡೇ ಇರಲಿಲ್ಲ. ಅದು ಬಂದದ್ದು 2007ರಲ್ಲಿ, ಸಿಯಾಟಲ್‌ನ ಕಾರ್ಬಿಸ್ ಕಂಪನಿಯಲ್ಲಿ. ಈ ಪದ್ಧತಿಯ ಬಗ್ಗೆ ಆಂಡರ್ಸನ್ ಅವರ ಪುಸ್ತಕ 2010ರಲ್ಲಿ, ಇಂಥ ಬೋರ್ಡನ್ನು ಕಂಪ್ಯೂಟರ್ ಪರದೆಗೆ ತಂದ ಟ್ರೆಲ್ಲೊ ತಂತ್ರಾಂಶ 2011ರಲ್ಲಿ ಬಂದವು.

ಕಾರ್ಖಾನೆಯಲ್ಲಿ ಮಿತಿ ಮೀರಿದರೆ ಪೆಟ್ಟಿಗೆಗಳು ಓಡಾಡುವ ದಾರಿಗೇ ಬಂದು ನಿಲ್ಲುತ್ತವೆ. ಕಂಪ್ಯೂಟರ್ ಪರದೆಯಲ್ಲಿ ಎಷ್ಟು ಚೀಟಿ ಸೇರಿಸಿದರೂ ಜಾಗ ಸಾಲದೆ ಹೋಗುವುದಿಲ್ಲ. ಆದ್ದರಿಂದ ಕಚೇರಿಯ ತಂಡಗಳು ಪ್ರತಿ ಕಾಲಂಗೂ ಮಿತಿಯನ್ನು ತಾವೇ ಬರೆದು ಪಾಲಿಸಬೇಕು. ಅದಿಲ್ಲದ ಬೋರ್ಡು ಕೆಲಸದ ಪಟ್ಟಿ ಮಾತ್ರ, ಕಾನ್‌ಬಾನ್ ಅಲ್ಲ.