ಬಾನೆಟ್ ತಪಾಸಣೆಯಿಂದ ಅಧ್ಯಕ್ಷ ಪೀಠದವರೆಗೆ

ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸಿದರೇ ಏಳಿಗೆ ಎಂದು ನಿಮ್ಮಲ್ಲಿ ಹಲವರು ನಂಬಿರಬಹುದು. ಸೇರಿದ ಕಡೆಯೇ ಬೇರುಬಿಟ್ಟು ಬೆಳೆಯುವುದು ತಾತನ ಕಾಲದ ರೂಢಿ ಎಂದೂ ಅನ್ನಿಸಿರಬಹುದು. ಈ ಮಾತನ್ನು ಒರೆಗೆ ಹಚ್ಚಲು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಚರಿತ್ರೆಯ ಕೆಲವು ಪುಟಗಳನ್ನು ನಿಮ್ಮ ಮುಂದೆ ತೆರೆಯುತ್ತೇನೆ.

1908ರಲ್ಲಿ ಹುಟ್ಟಿದ ಈ ಕಂಪನಿ 1931ರಿಂದ 2007ರವರೆಗೆ ಕಾರು ಮಾರಾಟದಲ್ಲಿ ಜಗತ್ತಿಗೇ ಮೊದಲನೆಯದಾಗಿತ್ತು. ತನಗೆ ಬೇಕಾದ ಎಂಜಿನಿಯರುಗಳನ್ನು ತಾನೇ ತಯಾರಿಸಿಕೊಳ್ಳಲು ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಬಹುಕಾಲ ಸ್ವಂತ ಕಾಲೇಜನ್ನೇ ನಡೆಸಿತು. ಅಲ್ಲಿನ ವಿದ್ಯಾರ್ಥಿಗಳು ಕೆಲವು ವಾರ ತರಗತಿಯಲ್ಲಿದ್ದರೆ ಕೆಲವು ವಾರ ಕಾರ್ಖಾನೆಯಲ್ಲಿ ಇರುತ್ತಿದ್ದರು. 1949ರಲ್ಲಿ ಲೆಕ್ಕಪತ್ರ ವಿಭಾಗದ ಗುಮಾಸ್ತರಾಗಿ ಸೇರಿದ ರೋಜರ್ ಸ್ಮಿತ್ 1981ರಲ್ಲಿ ಕಂಪನಿಯ ಅಧ್ಯಕ್ಷರೇ ಆದರು. ಹೊರಗಿನವರನ್ನು ತಂದು ತಲೆಯ ಮೇಲೆ ಕೂರಿಸುವ ಪದ್ಧತಿ ಅಲ್ಲಿರಲಿಲ್ಲ.

1980ರಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಈ ಕಾಲೇಜಿನ ವಿದ್ಯಾರ್ಥಿನಿಯಾಗಿ ಪಾಂಟಿಯಾಕ್ ಕಾರು ವಿಭಾಗದಲ್ಲಿ ಕೆಲಸಕ್ಕೆ ನಿಂತಳು. ಹೆಸರು ಮೇರಿ, ಮುಂದೆ ಮದುವೆಯಾಗಿ ಮೇರಿ ಬಾರಾ. ತಂದೆ ಅದೇ ಪಾಂಟಿಯಾಕ್‌ನಲ್ಲಿ 39 ವರ್ಷ ದುಡಿದ ಡೈ ಮೇಕರ್, ಅಂದರೆ ಉಕ್ಕಿನ ಹಾಳೆಗೆ ರೂಪ ಕೊಡುವ ಅಚ್ಚುಗಳ ಕುಶಲಕರ್ಮಿ. ಮಗಳ ಕೆಲಸ ಬಾನೆಟ್ ಮತ್ತು ಮಡ್‌ಗಾರ್ಡುಗಳನ್ನು ತಪಾಸಣೆ ಮಾಡುವುದು.

ಮುಂದಿನ ಮೆಟ್ಟಿಲುಗಳನ್ನು ಬೇಗ ಹತ್ತೋಣ. 1985ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ. ಕಂಪನಿಯದೇ ವಿದ್ಯಾರ್ಥಿವೇತನದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ 1990ರಲ್ಲಿ ಎಂ.ಬಿ.ಎ.; ಆಮೇಲೆ ಮುಖ್ಯಸ್ಥರಾಗಿದ್ದ ಜ್ಯಾಕ್ ಸ್ಮಿತ್ ಅವರ ಸಹಾಯಕಿ; ಆಂತರಿಕ ಸಂಪರ್ಕ ವಿಭಾಗ; ಡೆಟ್ರಾಯಿಟ್-ಹ್ಯಾಮ್‌ಟ್ರ್ಯಾಮಕ್ ಕಾರ್ಖಾನೆಯ ಮೇಲ್ವಿಚಾರಣೆ; 2008ರಲ್ಲಿ ಉತ್ಪಾದನಾ ಎಂಜಿನಿಯರಿಂಗ್‌ನ ಉಪಾಧ್ಯಕ್ಷೆ. ಈ ಪಟ್ಟಿಯಲ್ಲಿ ನೇರ ಏಣಿ ಕಾಣುವುದಿಲ್ಲ, ಗಮನಿಸಿ. ಎಂಜಿನಿಯರ್ ಒಬ್ಬರು ಸುದ್ದಿ ಹಂಚುವ ವಿಭಾಗಕ್ಕೆ ಹೋದರೆ ಹಿನ್ನಡೆ ಎಂದು ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. ನನಗಂತೂ ಅವರ ಬೆಳವಣಿಗೆಯಲ್ಲಿ ಆ ಅಡ್ಡಹಾದಿಗಳೇ ಮುಖ್ಯವೆನಿಸುತ್ತವೆ.

2009ರ ಜೂನ್‌ನಲ್ಲಿ ಆ ಮಹಾಕಂಪನಿ ದಿವಾಳಿ ಎದ್ದಿತು. ಸರ್ಕಾರ ಸುಮಾರು 5,000 ಕೋಟಿ ಡಾಲರ್ ಹಾಕಿ ಅದನ್ನು ಉಳಿಸಬೇಕಾಯಿತು. ಒಳಗೇ ಬೆಳೆದ ನಾಯಕರ ಕೈಯಲ್ಲೇ ಕಂಪನಿ ಮುಳುಗಿತ್ತಾದ್ದರಿಂದ ಚುಕ್ಕಾಣಿ ಹೊರಗಿನವರ ಕೈಗೆ ಹೋಯಿತು. ಬಾರಾ ಅವರಿಗೆ ಸಿಕ್ಕಿದ್ದು ಸಿಬ್ಬಂದಿ ವಿಭಾಗ. ಅಲ್ಲಿ ಅವರು ಮಾಡಿದ ಒಂದು ಚಿಕ್ಕ ಕೆಲಸ ಹೇಳಬೇಕು. ನೌಕರರು ಏನು ಉಡಬೇಕು ಎಂಬುದಕ್ಕೆ ಹತ್ತು ಪುಟಗಳ ನಿಯಮಾವಳಿಯಿತ್ತು. ಅದನ್ನು ತೆಗೆದು, ಸಂದರ್ಭಕ್ಕೆ ತಕ್ಕಂತೆ ಉಡಿ ಎಂಬರ್ಥದ ಎರಡೇ ಪದ ಬರೆದರು. ಸಾಲದು, ಇನ್ನೂ ವಿವರ ಬೇಕು ಎಂದು ಹಿರಿಯ ಅಧಿಕಾರಿಯೊಬ್ಬರು ಆಕ್ಷೇಪಿಸಿದರು. ಅವರ ಕೈಕೆಳಗಿನ ಕೆಲವರು ಆಗಾಗ ಸರ್ಕಾರಿ ಅಧಿಕಾರಿಗಳನ್ನು ಕಾಣಬೇಕಿತ್ತು. ಜೀನ್ಸ್‌ನಲ್ಲಿ ಹೋದರೆ ಹೇಗೆ? ಬಾರಾ ಉತ್ತರ ಕೊಡದೆ ಪ್ರಶ್ನೆಯನ್ನು ಅವರಿಗೇ ಬಿಟ್ಟರು. ಆ ತಂಡದವರು ಕೂತು ಮಾತಾಡಿ, ಒಂದು ಜೊತೆ ಒಳ್ಳೆಯ ಪ್ಯಾಂಟನ್ನು ಕಚೇರಿಯಲ್ಲೇ ಇಟ್ಟುಕೊಂಡರಾಯಿತು ಎಂದು ತೀರ್ಮಾನಿಸಿದರು. ಸಾವಿರಾರು ಜನರನ್ನು ನಡೆಸಬೇಕಾದ ಅಧಿಕಾರಿ ಪ್ಯಾಂಟಿನ ವಿಷಯವನ್ನೂ ಮೇಲಿನವರಿಂದಲೇ ಕೇಳಬೇಕೆ?

ಸರ್ಕಾರ ತನ್ನ ಕೊನೆಯ ಷೇರುಗಳನ್ನು ಮಾರಿದ ಮರುದಿನ, 2013ರ ಡಿಸೆಂಬರ್ 10ರಂದು, ಬಾರಾ ಮುಂದಿನ ಮುಖ್ಯಸ್ಥೆ ಎಂದು ಘೋಷಣೆಯಾಯಿತು. ದೊಡ್ಡ ಕಾರು ಕಂಪನಿಯೊಂದನ್ನು ನಡೆಸಿದ ಮೊದಲ ಮಹಿಳೆ ಅವರು. 2014ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡು ಕೆಲವೇ ವಾರ ಕಳೆದಿತ್ತು. ಆಗ ಹಳೆಯ ಪಾಪವೊಂದು ಹೊರಬಿತ್ತು.

ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ನಿಧಾನವಾಗಿ ಓದಬೇಕು. ಕಾರಿನ ಇಗ್ನಿಷನ್ ಸ್ವಿಚ್ಚನ್ನು ತಿರುಗಿಸಲು ಇಷ್ಟು ಬಲ ಬೇಕೆಂದು ಎಂಜಿನಿಯರುಗಳು ಮೊದಲೇ ನಿಗದಿ ಮಾಡಿರುತ್ತಾರೆ. ಶೆವ್ರೊಲೆ ಕೊಬಾಲ್ಟ್ ಮೊದಲಾದ ಕಾರುಗಳ ಸ್ವಿಚ್ಚಿನಲ್ಲಿ ಆ ಬಲ ಕಡಿಮೆಯಿತ್ತು. ಆದರೂ 2002ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಭಾರದ ಕೀಲಿಗೊಂಚಲು ತೂಗಾಡುತ್ತಿದ್ದರೆ ಅಥವಾ ರಸ್ತೆಯಲ್ಲಿ ಕುಲುಕಾಟವಾದರೆ ಕೀಲಿ ತಾನೇ ಹಿಂದಕ್ಕೆ ಜಾರುತ್ತಿತ್ತು. ಆ ಕ್ಷಣವೇ ಎಂಜಿನ್ ನಿಲ್ಲುತ್ತಿತ್ತು, ಸ್ಟಿಯರಿಂಗ್ ಬಿಗಿಯಾಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅಪಘಾತದ ವೇಳೆ ಉಬ್ಬಿ ಪ್ರಾಣ ಉಳಿಸಬೇಕಾದ ಗಾಳಿಚೀಲಕ್ಕೆ ವಿದ್ಯುತ್ತೇ ಇರುತ್ತಿರಲಿಲ್ಲ. 2006ರಲ್ಲಿ ಆ ಭಾಗವನ್ನು ಸದ್ದಿಲ್ಲದೆ ತಿದ್ದಲಾಯಿತು, ಆದರೆ ಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ. ಹಳೆಯದೂ ಹೊಸದೂ ಒಂದೇ ಸಂಖ್ಯೆ! ಹೀಗಾಗಿ ಮುಂದೆ ತನಿಖೆ ಮಾಡಿದವರಿಗೆ ವರ್ಷಗಟ್ಟಲೆ ದಾರಿ ತಪ್ಪಿತು.

26 ಲಕ್ಷ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಏಪ್ರಿಲ್ 1ರಂದು ಬಾರಾ ಸಂಸತ್ತಿನ ಸಮಿತಿಯ ಮುಂದೆ ಕುಳಿತರು. ಸತ್ತವರ ಭಾವಚಿತ್ರ ಹಿಡಿದ ಕುಟುಂಬದವರು ಅಲ್ಲಿದ್ದರು. ಹಲವು ಪ್ರಶ್ನೆಗಳಿಗೆ, ತನಿಖೆ ಮುಗಿಯಲಿ ಎಂಬುದಷ್ಟೇ ಅವರ ಉತ್ತರವಾಗಿತ್ತು; ಸದಸ್ಯರು ಕಟುವಾಗಿ ಟೀಕಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಇದ್ದವರಿಗೆ ಗೊತ್ತಿರಲಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಕಂಪನಿ ನೇಮಿಸಿದ ವಕೀಲ ಆಂಟನ್ ವಾಲುಕಸ್ ಅವರ ವರದಿ ಜೂನ್‌ನಲ್ಲಿ ಬಂತು. ಬಾರಾ ಅವರಿಗೆ ದೋಷದ ವಿಷಯ ಮುಟ್ಟಿರಲಿಲ್ಲ ಎಂದಿತು ಅದು. ಏಕೆ ಮುಟ್ಟಲಿಲ್ಲ ಎಂಬ ಭಾಗವನ್ನು ನಾಯಕರಾಗಬೇಕೆಂದಿರುವ ನೀವೆಲ್ಲ ಓದಬೇಕು. ಕಂಪನಿಯಲ್ಲಿ ಎರಡು ಅಭ್ಯಾಸಗಳಿಗೆ ಅಲ್ಲಿನವರೇ ಹೆಸರಿಟ್ಟಿದ್ದರು. ಒಂದು ‘ಜಿ.ಎಂ. ತಲೆಯಾಡಿಕೆ’: ಸಭೆಯಲ್ಲಿ ಎಲ್ಲರೂ ಹೌದೆಂದು ತಲೆಯಾಡಿಸಿ, ಎದ್ದುಹೋಗಿ ಸುಮ್ಮನಿರುವುದು. ಇನ್ನೊಂದು ‘ಜಿ.ಎಂ. ಸಲಾಮು’: ಎರಡೂ ತೋಳುಗಳನ್ನು ಎದೆಯ ಮೇಲೆ ಅಡ್ಡಡ್ಡ ಕಟ್ಟಿ, ಜವಾಬ್ದಾರಿ ಅವರದು ಎಂದು ಅಕ್ಕಪಕ್ಕದವರತ್ತ ಬೆರಳು ತೋರಿಸುವುದು. ಒಂದೇ ಸೂರಿನಡಿ ಹತ್ತಾರು ವರ್ಷ ಬೆಳೆದವರು ಕಸುಬಿನ ಜೊತೆಗೆ ಇದನ್ನೂ ಕಲಿತಿದ್ದರು.

ಬಾರಾ ನೌಕರರ ಸಭೆ ಕರೆದು ವರದಿಯನ್ನು ಮುಂದಿಟ್ಟರು. 15 ಮಂದಿಯನ್ನು ಕೆಲಸದಿಂದ ತೆಗೆದಿದ್ದನ್ನು ತಿಳಿಸಿದರು. ಇದನ್ನು ಮರೆತು ಮುಂದೆ ಸಾಗೋಣ ಎನ್ನಲಿಲ್ಲ, ನೆನಪಿನಲ್ಲಿ ಉಳಿಯಲಿ ಎಂದರು. ದೋಷ ಕಂಡವರು ನೇರವಾಗಿ ವರದಿ ಮಾಡುವ ವ್ಯವಸ್ಥೆ ಆ ವರ್ಷವೇ ಬಂತು. ದಿವಾಳಿಗೆ ಮುಂಚಿನ ಅಪಘಾತಗಳಿಗೆ ಕಾನೂನಿನ ಪ್ರಕಾರ ಹೊಸ ಕಂಪನಿ ಹೊಣೆಯಲ್ಲ ಎಂಬ ವಾದಕ್ಕೆ ಅವಕಾಶವಿತ್ತು. ಆದರೂ ಪರಿಹಾರ ನಿಧಿಯಲ್ಲಿ ಅವನ್ನೂ ಸೇರಿಸಲಾಯಿತು. ಆ ನಿಧಿ ಒಪ್ಪಿಕೊಂಡ ಸಾವುಗಳ ಸಂಖ್ಯೆ 124. 2015ರಲ್ಲಿ ಸರ್ಕಾರಕ್ಕೆ ಕಂಪನಿ ತೆತ್ತದ್ದು 90 ಕೋಟಿ ಡಾಲರ್.

2018ರ ನವೆಂಬರ್‌ನಲ್ಲಿ ಬಾರಾ ಮುಚ್ಚಬೇಕಾದ ಕಾರ್ಖಾನೆಗಳ ಪಟ್ಟಿ ಪ್ರಕಟಿಸಿದರು. ತಾವೇ ಹಿಂದೆ ನಡೆಸಿದ್ದ ಹ್ಯಾಮ್‌ಟ್ರ್ಯಾಮಕ್ ಕಾರ್ಖಾನೆಯೂ ಅದರಲ್ಲಿತ್ತು. ಮರುವರ್ಷ ಕಾರ್ಮಿಕರು 40 ದಿನ ಮುಷ್ಕರ ಹೂಡಿದರು. ಆ ಒಪ್ಪಂದದಲ್ಲಿ ಕಾರ್ಖಾನೆ ಉಳಿಯಿತು. 2021ರಿಂದ ಅಲ್ಲಿ ವಿದ್ಯುತ್ ವಾಹನಗಳು ತಯಾರಾಗತೊಡಗಿದವು.